ಮರಳು ನೀರಾದ ಚರಿತ್ರೆ

ರಾಗಿಯನ್ನು ಕೊಳಗದಿಂದ ಅಳೆಯುವಾಗ ಕೊಡುವವನ ಕೈಗೂ ಕೊಳ್ಳುವವನ ಕೈಗೂ ಇರುವ ಭೇದವು ಎಲ್ಲ ಮನೆಗಳಲ್ಲಿಯೂ ತಿಳಿದ ಸಂಗತಿ. ಕೊಡುವವನು ಮೆಲ್ಲನೆ ಸುರಿದು ತಲೆ ಸವರುವನು; ಕೊಳ್ಳುವವನು ಕೊಳಗವನ್ನು ಒಮ್ಮೆ ಕುಲುಕೆನ್ನುವನು. ಕುಲುಕಿದೊಡನೆ ಕಾಳು ಬೆರಳಿನಷ್ಟು ಕೆಳಗಿಳಿಯುವುದು. ಕಾಳಿನ ತೂಕದಲ್ಲಿ ಹೆಚ್ಚುಕಡಮೆ ಏನೂ ಆಗಲಿಲ್ಲ. ಕಾಳುಕಾಳುಗಳ ನಡುವಣ ಸಂದು ಮಾತ್ರ ಕಿರಿದಾಯಿತು, ಅದರಲ್ಲಿದ್ದ ಗಾಳಿಯು ಯಾರಿಗೂ ತಿಳಿಯದಂತೆ ಹೊರಟುಹೋಯಿತು. ಆ ಸಂದುಗಳಲ್ಲಿ ಗಾಳಿಗೆ ಬದಲಾಗಿ ನೀರು ತುಂಬಿದ್ದರೆ ಏನಾಗುವುದು? ನೀರು ಗಾಳಿಯಂತೆ ಥಟ್ಟನೆ ಹೊರಡಲಾರದು. ಅದು ಹೊರಡುವವರೆಗೆ ಕಾಳುಗಳು ಒಂದರ ಮೇಲೊಂದು ಊರಿ ನಿಲ್ಲಲಾರವು. ಅವುಗಳ ಭಾರವೆಲ್ಲ ನೀರಿನ ಮೇಲೆ ಬೀಳುವುದು. ನೀರಾದರೋ ಭಾರವನ್ನು ಹೊರಬಲ್ಲುದು, ಜಾರುವುದನ್ನು ತಡೆಯಲಾರದು. ಹೀಗೆ ನೀರುಂಡ ಸಡಿಲವಾದ ಮರಳು ಒಂದು ಕ್ಷಣದ ಹಿಂದೆ ನೆಲವಾಗಿದ್ದು ಮರುಕ್ಷಣದಲ್ಲಿ ಗಂಜಿಯಂತೆ ಹರಿಯತೊಡಗುವುದು. ವಿಜ್ಞಾನಿಗಳು ಇದನ್ನು ದ್ರವೀಭವನವೆಂದು ಕರೆಯುವರು.

ಇಷ್ಟು ಸರಳವಾದ ಈ ತತ್ತ್ವವು ಮನುಷ್ಯನ ಬುದ್ಧಿಗೆ ನಿಲುಕಿದುದು ಬಹಳ ಈಚೆಗೆ. ಅದಕ್ಕಾಗಿ ಅವನು ತೆತ್ತ ಬೆಲೆಯೂ ಅಲ್ಪವಲ್ಲ. ಹಾಲೆಂಡಿನ ಜೀಲೆಂಡ್ ಪ್ರಾಂತದವರು ಕಡಲನ್ನು ತಡೆದು ಏರಿ ಕಟ್ಟಿ ಹೊಲ ಮಾಡಿಕೊಂಡು ಬಾಳಿದವರು. ಅಲ್ಲಿ ಏರಿ ಒಡೆಯುವುದೆಂದರೆ ಬಿರುಗಾಳಿಯ ಅಲೆಯಿಂದ ಎಂದು ಯಾರಾದರೂ ಊಹಿಸುವರು. ಆದರೆ ಹಲವು ಸಲ ಏರಿಯು ಒಡೆದುದು ಕಡಲು ತುಂಬ ಹಿಂದೆ ಸರಿದ ಇಳಿತದ ಹೊತ್ತಿನಲ್ಲಿ. ನೀರಿನಡಿಯ ಇಳಿಜಾರಿನ ಮರಳು ಸದ್ದಿಲ್ಲದೆ ಆಳಕ್ಕೆ ಹರಿದುಹೋಗಿ, ಅದರ ಹಿಂದೆ ಏರಿಯೂ, ಏರಿಯ ಹಿಂದೆ ಹೊಲವೂ ಇಳಿದುಹೋಗುತ್ತಿದ್ದವು. ಹರಿದು ನಿಂತ ಮರಳಿನ ಇಳುಕಲನ್ನು ಅಳೆದರೆ ಅದು ಬಹುಮಟ್ಟಿಗೆ ಸಮತಲ; ಮೂರು ನಾಲ್ಕು ಅಂಶಗಳಿಗಿಂತ ಹೆಚ್ಚಿಲ್ಲ. ೧೮೮೧ರಿಂದ ೧೯೪೬ರ ವರೆಗಿನ ಅವಧಿಯಲ್ಲಿ ಆ ಒಂದು ಪ್ರಾಂತದ ತೀರದಲ್ಲಿಯೇ ಇಂಥ ಇನ್ನೂರಕ್ಕೂ ಮೇಲ್ಪಟ್ಟ ಪ್ರಕರಣಗಳನ್ನು ಲೆಕ್ಕವಿಟ್ಟಿದ್ದಾರೆ. ಒಣಮರಳನ್ನು ರಾಶಿ ಹಾಕಿದರೆ ಅದು ಮೂವತ್ತು ಅಂಶಗಳ ಇಳುಕಲಿನಲ್ಲಿ ನಿಲ್ಲುವುದನ್ನು ಮಕ್ಕಳೂ ಬಲ್ಲರು. ಅದೇ ಮರಳು ಇಲ್ಲಿ ಮೂರು ಅಂಶಗಳಲ್ಲಿಯೂ ನಿಲ್ಲದೆ ಹೋದುದೇಕೆಂಬುದು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು.

೧೯೧೮ನೆಯ ಇಸವಿಯು ಈ ಚರಿತ್ರೆಯಲ್ಲಿ ಎರಡು ಕಾರಣಗಳಿಗಾಗಿ ನೆನೆಯತಕ್ಕದ್ದು. ಆ ವರ್ಷ ಸೆಪ್ಟೆಂಬರ್ ೧೩ರಂದು ಹಾಲೆಂಡಿನ ವೇಸ್ಪ್ ಎಂಬ ಊರಿನ ಬಳಿ, ಮಳೆಯಿಂದ ನೆನೆದಿದ್ದ ರೈಲುದಾರಿಯ ಏರಿಯು ಗಾಡಿಯ ಅದುರಾಟಕ್ಕೆ ಜಾರಿ ೪೧ ಮಂದಿ ಮಡಿದರು. ಡಚ್ಚರು ಮಣ್ಣಿನ ಗುಣಗಳನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಬೇಕೆಂದು ಮನಸ್ಸು ಮಾಡಿದುದು ಮುಖ್ಯವಾಗಿ ಈ ದುರಂತದಿಂದ. ಅದಕ್ಕೆ ಆರು ತಿಂಗಳು ಮೊದಲು, ಮಾರ್ಚ್ ೨೪ರಂದು, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಟ್ಟುತ್ತಿದ್ದ ಕ್ಯಾಲವೆರಸ್ ಎಂಬ ಮಣ್ಣಿನ ಅಣೆಕಟ್ಟಿನ ಒಳಮೈ ಕೆಲವೇ ನಿಮಿಷಗಳಲ್ಲಿ ಸುಮಾರು ೩೦೦ ಅಡಿ ಮುಂದಕ್ಕೆ ಹರಿದು ನಿಂತಿತು. ಹರಿದ ಮಣ್ಣು ಸುಮಾರು ಎಂಟು ಲಕ್ಷ ಘನ ಗಜ. ಅಲೆನ್ ಹೇಜನ್ ಎಂಬ ಹೆಸರಾಂತ ಜಲಶಿಲ್ಪಿಯು ೧೯೨೦ರಲ್ಲಿ ಬರೆದ ಲೇಖನದಲ್ಲಿ ಇದರ ಕಾರಣವನ್ನು ಮೊದಲ ಸಲ ಸ್ಪಷ್ಟವಾಗಿ ಹೇಳಿದನು. ಕಣಗಳ ನಡುವಣ ನೀರಿನ ಒತ್ತಡವು ಭಾರವನ್ನೆಲ್ಲ ತಾನೇ ಹೊರುವಷ್ಟಾದರೆ ಕಣಗಳು ಬೇರೆಬೇರೆಯಾಗಿ ತೇಲಿದಂತಾಗುವುವು, ಮಣ್ಣು ಹುದುಲಾಗುವುದು ಎಂಬುದೇ ಅವನ ಅಭಿಪ್ರಾಯದ ಸಾರ. ಮಣ್ಣು ದ್ರವವಾಗುವುದೆಂಬ ಮಾತನ್ನು ಅಣೆಕಟ್ಟಿನ ವಿಷಯದಲ್ಲಿ ಬಳಸಿದವರಲ್ಲಿ ಇವನು ಮೊದಲಿಗ.

ಹೇಜನ್ ಹೇಳಿದುದಕ್ಕೆ ಗಣಿತದ ತಳಹದಿಯನ್ನು ಹಾಕಿದವನು ಕಾರ್ಲ್ ಟೆರ್ಜಾಗಿ. ಪ್ರಾಗ್ ನಗರದಲ್ಲಿ ೧೮೮೩ರಲ್ಲಿ ಹುಟ್ಟಿ, ಮೊದಲನೆಯ ಮಹಾಯುದ್ಧದ ಕಾಲದಿಂದ ಇಸ್ತಾಂಬುಲಿನಲ್ಲಿ ಉಪಾಧ್ಯಾಯನಾಗಿದ್ದುಕೊಂಡು, ಕೈಗೆ ಸಿಕ್ಕಿದ ಹಳೆಯ ಸಾಮಾನುಗಳಿಂದಲೇ ಉಪಕರಣಗಳನ್ನು ಮಾಡಿಕೊಂಡು ಪ್ರಯೋಗ ನಡೆಸಿದ ಈತನು ೧೯೨೫ರಲ್ಲಿ ವಿಯೆನ್ನದಲ್ಲಿ ಪ್ರಕಟಿಸಿದ ಜರ್ಮನ್ ಗ್ರಂಥದಿಂದ ಮೃತ್ತಿಕಾಶಾಸ್ತ್ರವು ಶಾಸ್ತ್ರವೆನಿಸಿಕೊಂಡಿತು. ಅವನ ಸಿದ್ಧಾಂತವನ್ನು ಪಲ್ಲಕ್ಕಿಯ ದೃಷ್ಟಾಂತದಿಂದ ತಿಳಿಯಬಹುದು. ನೆಲದ ಮೇಲೆ ಬೀಳುವ ಭಾರವನ್ನು ಇಬ್ಬರು ಬೋಯಿಗಳು ಹೊರುತ್ತಾರೆ: ಒಬ್ಬನು ಕಣಗಳ ಕೂಟ, ಮತ್ತೊಬ್ಬನು ಸಂದಿನ ನೀರು. ಕಣಗಳು ಹೊತ್ತಿರುವ ಪಾಲಿಗೆ ತಕ್ಕಷ್ಟು ಮಾತ್ರ ಮಣ್ಣಿಗೆ ಬಲವುಂಟು. ನೀರು ಹೊತ್ತ ಪಾಲಿನಿಂದ ಬಲವಿಲ್ಲ. ಆದುದರಿಂದ ಪಲ್ಲಕ್ಕಿಯ ತೂಕವು ಗುಂಜಿಯಷ್ಟೂ ಹೆಚ್ಚದಿದ್ದರೂ, ಭಾರವು ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಸರಿದ ಮಾತ್ರದಿಂದಲೇ ನೆಲವು ಕುಸಿಯಬಹುದು. ಅಲ್ಲಿಯವರೆಗಿನ ಶಿಲ್ಪಿಗಳು ತೂಕವೆಷ್ಟೆಂದು ಕೇಳುತ್ತಿದ್ದರು, ಹೊತ್ತವರಾರೆಂದು ಕೇಳಿರಲಿಲ್ಲ.

ಭಾರತವು ಈ ಸತ್ಯವನ್ನು ೧೯೩೪ರ ಜನವರಿ ೧೫ರಂದು ಕಂಡಿತು. ಮಧ್ಯಾಹ್ನ ಎರಡು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಉತ್ತರ ಬಿಹಾರವೂ ನೇಪಾಳವೂ ನಡುಗಿದವು. ಎರಡೂ ಕಡೆ ಸೇರಿ ಹತ್ತು ಸಾವಿರಕ್ಕೂ ಮಿಕ್ಕಿದ ಜನ ಸತ್ತರು. ಗಂಗೆಯ ದಡದ ಮುಂಗೇರಿನಲ್ಲಿ ಕಟ್ಟಡಗಳು ಅದುರಿ ಬಿದ್ದವು. ಆದರೆ ಸೀತಾಮಢಿ, ಮಧುಬನಿಗಳನ್ನೊಳಗೊಂಡು ಪೂರ್ಣಿಯಾದ ಕಡೆಗೆ ಸುಮಾರು ೧೯೦ ಮೈಲಿ ಉದ್ದಕ್ಕೆ ಹಬ್ಬಿದ ಪಟ್ಟಿಯೊಂದರಲ್ಲಿ ನಡೆದುದೇ ಬೇರೆ. ಅಲ್ಲಿ ಎಷ್ಟೋ ಮನೆಗಳು ಉರುಳಲಿಲ್ಲ. ಓರೆಯಾಗಿ ನೆಲದೊಳಕ್ಕೆ ಇಳಿದವು. ದಾರಿಯ ಏರಿಗಳು ಹೊಲದ ಮಟ್ಟಕ್ಕೆ ಕುಗ್ಗಿದವು. ಕೊಳಗಳ ತಳ ಮೇಲೆದ್ದಿತು. ಬಾವಿಗಳು ಮರಳಿನಿಂದ ತುಂಬಿದವು. ನೆಲದ ಬಿರುಕುಗಳಿಂದ ನೀರೂ ಮರಳೂ ಚಿಮ್ಮಿ ಬೆಳೆದ ಹೊಲಗಳನ್ನು ಮುಚ್ಚಿದವು. ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯವರು ಈ ಪಟ್ಟಿಯನ್ನು ಕುಸಿತದ ಪಟ್ಟಿಯೆಂದು ಗುರುತಿಸಿ ೧೯೩೯ರಲ್ಲಿ ವಿಸ್ತಾರವಾದ ವರದಿಯನ್ನು ಪ್ರಕಟಿಸಿದರು. ಭೂಕಂಪದ ಕಾರಣವು ಅಸ್ಪೃಶ್ಯತೆಯ ಪಾಪವೆಂದು ಗಾಂಧೀಜಿಯವರೂ, ಪ್ರಕೃತಿಯ ಘಟನೆಗೆ ನೀತಿಯ ಕಾರಣವನ್ನು ಹಚ್ಚುವುದು ಸಲ್ಲದೆಂದು ರವೀಂದ್ರರೂ ವಾದಿಸಿದುದು ದೇಶಕ್ಕೆಲ್ಲ ತಿಳಿದಿದೆ. ಆ ವಾದದ ಸದ್ದಿನಲ್ಲಿ, ಒಂದು ಜಿಲ್ಲೆಯಲ್ಲಿ ಬಿದ್ದ ಮನೆ ಇನ್ನೊಂದರಲ್ಲಿ ಮುಳುಗಿದುದೇಕೆಂಬ ಸಣ್ಣ ಪ್ರಶ್ನೆ ಕೇಳಿಬರಲಿಲ್ಲ. ಮುಳುಗಿದುದಕ್ಕೆ ಕಾರಣವು ಹಿಮಾಲಯದ ನದಿಗಳು ತಂದು ಹರಡಿದ ಸಡಿಲವಾದ ಮರಳು, ಮತ್ತು ಅದರಲ್ಲಿ ಮೇಲ್ಮಟ್ಟದವರೆಗೂ ನಿಂತಿದ್ದ ನೀರು.

ಭೂಕಂಪವಿದ್ದರೆ ಮಾತ್ರ ಮರಳು ನೀರಾಗುವುದೆಂದು ಇದರಿಂದ ಭಾವಿಸಬಾರದು. ಜೀಲೆಂಡಿನಲ್ಲಾಗಲಿ ಕ್ಯಾಲವೆರಸ್ಸಿನಲ್ಲಾಗಲಿ ಭೂಮಿ ನಡುಗಿರಲಿಲ್ಲ. ಮೇಲೆ ಮಣ್ಣು ಹೇರುತ್ತ ಹೋದುದಷ್ಟೇ, ಇಲ್ಲವೆ ಬುಡದ ಮಣ್ಣು ಕೊರೆದುಹೋದುದಷ್ಟೇ ಸಾಕಾಯಿತು. ಯಾವ ಮರಳು ಹೀಗೆ ಮೋಸ ಮಾಡುವುದು, ಯಾವುದು ಮಾಡದು ಎಂಬುದನ್ನು ಮೊದಲೇ ಹೇಳಬಹುದೇ? ಈ ಪ್ರಶ್ನೆಯನ್ನು ಎತ್ತಿಕೊಂಡವನು ಟೆರ್ಜಾಗಿಯ ಶಿಷ್ಯನೂ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಾಪಕನೂ ಆದ ಆರ್ಥರ್ ಕಾಸಗ್ರಾಂಡೆ.

ಅವನಿಗೆ ಅರ್ಧಶತಮಾನ ಹಿಂದೆ, ೧೮೮೫ರಲ್ಲಿ, ಇಂಗ್ಲೆಂಡಿನ ಆಸ್ಬರ್ನ್ ರೆನಾಲ್ಡ್ಸನು ಒಂದು ಚಿಕ್ಕ ಸಂಗತಿಯನ್ನು ಜಗತ್ತಿಗೆ ತಿಳಿಸಿದ್ದನು. ಕಡಲ ತೀರದ ಒದ್ದೆಮರಳಿನ ಮೇಲೆ ಹೆಜ್ಜೆಯಿಟ್ಟರೆ ಪಾದದ ಸುತ್ತಲೂ ಮರಳು ಕ್ಷಣಕಾಲ ಬೆಳ್ಳಗೆ ಒಣಗಿದಂತಾಗುವುದು. ಅಲೆಗಳು ಬಡಿದು ಬಡಿದು ಗಟ್ಟಿಮಾಡಿದ ಆ ಮರಳಿನಲ್ಲಿ ಕಣಗಳು ಒತ್ತಾಗಿ ಕುಳಿತಿವೆ. ತುಳಿದಾಗ ಅವು ಒಂದರ ಮೇಲೊಂದು ಹತ್ತಿ ದಾಟಬೇಕಾಗಿ, ಸಂದು ಹಿಗ್ಗಿ, ನೀರು ಒಳಕ್ಕೆ ಹೀರಲ್ಪಡುವುದು. ದಟ್ಟವಾದ ಮರಳು ಜಾರುವಾಗ ಹಿಗ್ಗುವುದೆಂದರೆ ಅದು ನೀರನ್ನು ಸೆಳೆದು ಇನ್ನಷ್ಟು ಬಿಗಿಯಾಗುವುದೆಂದರ್ಥ. ಕಾರವಾರದ ತೀರದಲ್ಲಿ ಗಾಡಿ ಓಡಿಸಿದವರು ಈ ಬಿಗಿಯನ್ನು ಅರಿತಿರುವರು. ಸಡಿಲವಾದ ಮರಳಿನ ನಡತೆ ಇದಕ್ಕೆ ನೇರವಾಗಿ ವಿರುದ್ಧ: ಜಾರುವಾಗ ಅದು ಕುಗ್ಗುವುದು, ನೀರನ್ನು ಹಿಂಡುವುದು. ಪಾತ್ರೆಯೊಂದರ ನೀರಿನಲ್ಲಿ ಮರಳನ್ನು ಮೆಲ್ಲನೆ ಉದುರಿಸಿ, ಅದರ ಮೇಲೆ ಒಂದು ಕಲ್ಲನ್ನಿಟ್ಟು, ಪಾತ್ರೆಯ ಪಕ್ಕವನ್ನು ಕೈಯಿಂದ ತಟ್ಟಿದರೆ ಕಲ್ಲು ಮುಳುಗುವುದನ್ನು ಯಾರಾದರೂ ಮನೆಯಲ್ಲಿಯೇ ನೋಡಬಹುದು.

ಹಿಗ್ಗುವ ಮರಳಿಗೂ ಕುಗ್ಗುವ ಮರಳಿಗೂ ನಡುವೆ ಹಿಗ್ಗದೆ ಕುಗ್ಗದೆ ಜಾರುವ ಒಂದು ಮೇರೆ ಇರಲೇಬೇಕಷ್ಟೆ. ಕಾಸಗ್ರಾಂಡೆಯು ಪೆಟ್ಟಿಗೆಯಲ್ಲಿ ಮರಳನ್ನಿಟ್ಟು ಜಾರಿಸಿ ಪರೀಕ್ಷಿಸಿದಾಗ, ಸಡಿಲದ್ದು ದಟ್ಟವಾಗುತ್ತಲೂ ದಟ್ಟದ್ದು ಸಡಿಲವಾಗುತ್ತಲೂ ಕೊನೆಗೆ ಎರಡೂ ಒಂದೇ ಮೇರೆಗೆ ಬಂದು ನಿಂತುದನ್ನು ಕಂಡನು. ಆ ಮೇರೆಗಿಂತ ಸಡಿಲವಾದ ಮರಳಿನಿಂದ ಕಟ್ಟಿದ ಏರಿಗೆ ಅಪಾಯವುಂಟು, ಅದಕ್ಕಿಂತ ದಟ್ಟವಾದುದಕ್ಕೆ ಇಲ್ಲ ಎಂಬ ಸೂತ್ರವನ್ನು ಅವನು ೧೯೩೬ರಲ್ಲಿ ಬಾಸ್ಟನ್ ನಗರದ ಶಿಲ್ಪಿಗಳ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದನು. ಒಗಟು ಬಿಡಿಸಿದಂತೆಯೇ ತೋರಿತು.

ಅದೇ ಸಮಯದಲ್ಲಿ ಮಾಂಟಾನ ಸಂಸ್ಥಾನದ ಮಿಸೌರಿ ನದಿಗೆ ಅಡ್ಡಲಾಗಿ ಫೋರ್ಟ್ ಪೆಕ್ ಎಂಬ ಅಣೆಕಟ್ಟು ಏಳುತ್ತಿತ್ತು. ೧೯೩೩ರಲ್ಲಿ, ಅಮೆರಿಕದ ಜನ ಕೆಲಸವಿಲ್ಲದೆ ಬೀದಿಪಾಲಾಗಿದ್ದಾಗ, ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರವು ಜನರಿಗೆ ಕೆಲಸವನ್ನು ಕೊಡುವ ಸಲುವಾಗಿಯೂ ಕೈಗೊಂಡ ಕಾರ್ಯವಿದು. ಎತ್ತರ ೨೫೦ ಅಡಿ, ಉದ್ದ ಸುಮಾರು ನಾಲ್ಕು ಮೈಲಿ. ೧೯೩೬ರಲ್ಲಿ ಒಂದು ಹಂತಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಸುತ್ತಲಿನ ಬಯಲಿನಲ್ಲಿ ಹಲಗೆಯ ಗುಡಿಸಲುಗಳ ಊರುಗಳೆದ್ದವು. ‘ಲೈಫ್’ ಎಂಬ ಸಚಿತ್ರ ವಾರಪತ್ರಿಕೆಯ ೧೯೩೬ರ ನವೆಂಬರಿನ ಮೊದಲ ಸಂಚಿಕೆಯ ಮುಖಚಿತ್ರವೇ ಈ ಅಣೆಕಟ್ಟಿನ ಕೋಡಿಯ ಕಾಂಕ್ರೀಟು ಕಂಬಗಳದು. ಆ ಕಂಬಗಳ ಭವ್ಯತೆಯನ್ನು ನೋಡಿದವರು, ಅಣೆಕಟ್ಟಿನ ದೇಹವು ಕಾಂಕ್ರೀಟಿನದಲ್ಲ, ನೀರಿನಲ್ಲಿ ಕದಡಿ ಸುರಿದ ಮರಳಿನದು ಎಂಬುದನ್ನು ಗಮನಿಸಿರಲಾರರು.

ನಮ್ಮ ನಾಡಿನ ಕೆರೆಯ ಏರಿಯನ್ನು ಕಟ್ಟುವವರು ಮಣ್ಣನ್ನು ಪದರಪದರವಾಗಿ ಹಾಕಿ, ಜನರಿಂದಲೂ ದನಗಳಿಂದಲೂ ತುಳಿಸಿ, ಅದು ಗಟ್ಟಿಯಾದ ಮೇಲೆ ಮತ್ತೊಂದು ಪದರವನ್ನು ಹಾಕುವುದು ವಾಡಿಕೆ. ಫೋರ್ಟ್ ಪೆಕ್ಕಿನಲ್ಲಿ ತುಳಿತವೇ ಇಲ್ಲ. ನಾಲ್ಕು ಯಂತ್ರದೋಣಿಗಳು ನದಿಯ ತಳವನ್ನು ಕೊರೆದು, ಮರಳನ್ನೂ ಮಣ್ಣನ್ನೂ ನೀರಿನೊಡನೆ ಕೊಳವೆಗಳ ಮೂಲಕ ಅಣೆಕಟ್ಟಿನ ಎರಡು ಅಂಚುಗಳಿಗೆ ಸುರಿಯುತ್ತಿದ್ದವು. ದಪ್ಪಮರಳು ಅಂಚಿನಲ್ಲಿ ಕೂರುವುದು. ನುಣುಪಾದ ಜೇಡಿಯು ನೀರಿನೊಡನೆ ನಡುವಿನ ಕೊಳಕ್ಕೆ ಹರಿದು ತಳಕ್ಕಿಳಿದು, ನೀರು ಸೋರದ ಗರ್ಭವಾಗುವುದು. ಕಡಮೆ ಖರ್ಚಿನಲ್ಲಿ ಕೋಟ್ಯಂತರ ಘನ ಗಜ ಮಣ್ಣನ್ನು ಸಾಗಿಸುವ ಚಾತುರ್ಯಕ್ಕೆ ಎಣೆಯಿಲ್ಲ. ಆದರೆ ನೀರಿನಲ್ಲಿ ತಾನಾಗಿ ಕುಳಿತ ಮರಳು, ಮೆಲ್ಲನೆ ಸುರಿದ ರಾಗಿಯಂತೆ, ಸಡಿಲವಾಗಿಯೇ ಇರುವುದು. ಕ್ಯಾಲವೆರಸ್ಸನ್ನು ಕಟ್ಟಿದುದೂ ಇದೇ ಬಗೆಯಿಂದ.

೧೯೩೮ರ ಸೆಪ್ಟೆಂಬರ್ ೨೨ರಂದು ಅಣೆಕಟ್ಟು ಪೂರ್ಣ ಎತ್ತರಕ್ಕೆ ಹತ್ತಿರವಾಗಿತ್ತು. ನಡುವಿನ ಕೊಳದ ನೀರಿನ ಮಟ್ಟವು ಇರಬೇಕಾದುದಕ್ಕಿಂತ ಇಳಿದಿರುವುದನ್ನು ಕೆಲಸದವರು ಕಂಡು ಮೇಲಿನವರಿಗೆ ತಿಳಿಸಿದ್ದರು. ಅದನ್ನು ವಿಚಾರಿಸುವುದರೊಳಗಾಗಿ, ಮಧ್ಯಾಹ್ನ ಒಂದೂಕಾಲು ಗಂಟೆಯ ಸುಮಾರಿಗೆ, ಪೂರ್ವದ ದಡಕ್ಕೆ ಸಮೀಪದಲ್ಲಿ ನೀರಿನ ಕಡೆಯ ಮೈ ಚಲಿಸಿತು. ನೋಡಿದವರಿಗೆ ಅದು ಕುಸಿದಂತೆ ಕಾಣಲಿಲ್ಲ. ಬಾಗಿಲು ತೆರೆದಂತೆ, ಒಂದು ತುದಿ ನಿಂತು ಇನ್ನೊಂದು ತುದಿ ಹೊರಕ್ಕೆ ತಿರುಗಿತು. ಹಳಿಗಳು, ಕೊಳವೆಗಳು, ಯಂತ್ರಗಳು, ಮನುಷ್ಯರು ಎಲ್ಲವನ್ನೂ ಹೊತ್ತುಕೊಂಡು ಐವತ್ತು ಲಕ್ಷ ಘನ ಗಜಕ್ಕೂ ಮಿಕ್ಕಿದ ರಾಶಿಯು ಜಲಾಶಯದೊಳಕ್ಕೆ ಹರಿದು, ಕೆಲವು ನಿಮಿಷಗಳಲ್ಲಿ ಬಹುಮಟ್ಟಿಗೆ ಸಮತಲವಾಗಿ ಹರಡಿ ನಿಂತಿತು. ಅದರೊಡನೆ ಹೋದವರು ೩೪ ಮಂದಿ. ೨೬ ಮಂದಿ ಬದುಕಿದರು. ಸತ್ತ ಎಂಟು ಜನರಲ್ಲಿ ಆರು ಮಂದಿಯ ಶವಗಳು ದೊರೆಯಲೇ ಇಲ್ಲ; ಅವು ಅಣೆಕಟ್ಟಿನ ಮಣ್ಣಿನಲ್ಲಿಯೇ ಉಳಿದುವು.

ತನಿಖೆಗಾಗಿ ಪ್ರಸಿದ್ಧ ಶಿಲ್ಪಿಗಳ ಮಂಡಲಿಯು ಕುಳಿತಿತು. ಅಣೆಕಟ್ಟಿನ ಅಡಿಯಲ್ಲಿ ಶಿಥಿಲವಾದ ಶೇಲ್ ಕಲ್ಲೂ ಅದರೊಳಗೆ ಸೋಪಿನಂತೆ ಜಾರುವ ಬೆಂಟೊನೈಟ್ ಜೇಡಿಯ ಎಳೆಗಳೂ ಇದ್ದುವು. ಆ ತಳದ ದೌರ್ಬಲ್ಯವೇ ಮುಖ್ಯ ಕಾರಣವೆಂದು ಹೆಚ್ಚಿನವರು ನಿರ್ಣಯಿಸಿದರು. ಮರಳು ದ್ರವವಾದುದು ಎಷ್ಟರಮಟ್ಟಿಗೆ ಎಂಬ ವಿಷಯದಲ್ಲಿ ಒಮ್ಮತವು ಮೂಡಲಿಲ್ಲ. ಕಾಸಗ್ರಾಂಡೆಯಾದರೋ ಇದು ದ್ರವೀಭವನವೆಂದೇ ಕೊನೆಯವರೆಗೂ ಹೇಳಿದನು. ಮೊದಲ ನೂಕು ಶೇಲ್ ಕಲ್ಲಿನಿಂದ ಬಂದಿರಬಹುದು. ಆದರೆ ತಳ ಜಾರಿದ ಮಾತ್ರಕ್ಕೆ ಮೇಲಿನ ಮರಳಿನ ಬೆಟ್ಟವು ಬಯಲಿನಂತೆ ಹರಡುವುದೆಂದು ಒಪ್ಪುವುದು ಕಷ್ಟ. ಕಲ್ಲನ್ನು ದೂರಿದರೆ ದೋಷವು ಪ್ರಕೃತಿಗೆ ಸೇರುವುದು, ಮರಳನ್ನು ದೂರಿದರೆ ಕಟ್ಟಿದ ಪದ್ಧತಿಗೆ ಸೇರುವುದು ಎಂಬುದನ್ನೂ ಇಲ್ಲಿ ಮರೆಯಬಾರದು. ಇಳಿಜಾರನ್ನು ಮೊದಲಿಗಿಂತ ಮಂದಮಾಡಿ ಅಣೆಕಟ್ಟನ್ನು ೧೯೪೦ರಲ್ಲಿ ಮುಗಿಸಿದರು. ಬಾಯಲ್ಲಿ ಏನನ್ನು ವಾದಿಸಿದರೂ, ಮರಳನ್ನು ನೀರಿನಲ್ಲಿ ಸುರಿದು ದೊಡ್ಡ ಅಣೆಕಟ್ಟುಗಳನ್ನು ಕಟ್ಟುವ ಪದ್ಧತಿಯನ್ನು ಅಮೆರಿಕದವರು ಆಮೇಲೆ ಬಿಟ್ಟುಬಿಟ್ಟರು.

ಕಾಸಗ್ರಾಂಡೆಗೆ ಇದರಿಂದ ಒದಗಿದ ಪೇಚಾಟವು ಬೇರೆ. ಫೋರ್ಟ್ ಪೆಕ್ಕಿನ ಮರಳನ್ನು ಅವನ ಸೂತ್ರದಂತೆ ಪರೀಕ್ಷಿಸಿದಾಗ ಅದು ಮೇರೆಗಿಂತ ದಟ್ಟವಾದುದೆಂದು, ಎಂದರೆ ಭದ್ರವಾದುದೆಂದು, ಕಂಡುಬಂದಿತು! ಹರಿದ ಮರಳು ಎದುರಿಗಿತ್ತು. ಹರಿಯದೆಂದು ಹೇಳುವ ಸೂತ್ರವು ಕೈಯಲ್ಲಿತ್ತು. ನಿಧಾನವಾಗಿ, ನೀರಿಗೆ ಹೊರಡಲು ಎಡೆಗೊಟ್ಟು ಮಾಡಿದ ಪರೀಕ್ಷೆಯು ರಭಸದಿಂದ ಹರಿಯುವ ಮರಳಿನ ಸ್ಥಿತಿಯನ್ನು ತೋರಿಸಲಾರದೆಂದೂ, ಹರಿಯುವಾಗ ಕಣಗಳು ತಮ್ಮ ಜೋಡಣೆಯನ್ನೇ ಬದಲಿಸಿಕೊಂಡು ಬೇರೊಂದು ಮೇರೆಯನ್ನು ಪಡೆಯುವುವೆಂದೂ ಅವನು ಊಹಿಸಿದನು. ಊಹೆಗೆ ಪ್ರಯೋಗದ ಬೆಂಬಲ ಸಿಕ್ಕಲು ಮೂವತ್ತು ವರ್ಷಗಳು ಹಿಡಿದವು.

ಈ ನಡುವೆ ೧೯೬೪ರ ಜೂನ್ ೧೬ರಂದು ಜಪಾನಿನ ನೀಗಾಟ ನಗರದಲ್ಲಿ ಭೂಕಂಪವಾಗಿ, ಹಲವು ಅಂತಸ್ತುಗಳ ವಸತಿಗೃಹಗಳು ಗೋಡೆ ಬಿರಿಯದೆ ಹಾಗೆಯೇ ಮಗ್ಗುಲಾಗಿ ಒರಗಿದ ಚಿತ್ರಗಳು ಲೋಕದಲ್ಲೆಲ್ಲ ಹರಡಿದುವು. ದ್ರವೀಭವನವು ವಿದ್ವಾಂಸರ ಕೋಣೆಯಿಂದ ಜನರ ಬಾಯಿಗೆ ಬಂದುದು ಆಗಲೇ. ಹಾರ್ವರ್ಡಿನಲ್ಲಿ ಕಾಸಗ್ರಾಂಡೆಯ ಶಿಷ್ಯ ಗೊನ್ಸಾಲೊ ಕಾಸ್ಟ್ರೊ ೧೯೬೯ರಲ್ಲಿ ಮುಗಿಸಿದ ಪ್ರಯೋಗಗಳು ಅಷ್ಟು ಆಡಂಬರದವಲ್ಲವಾದರೂ ಹೆಚ್ಚು ಬೆಲೆಯುಳ್ಳವು. ನೀರುಂಡ ಸಡಿಲಮರಳಿನ ಒಂದು ಉರುಳೆಯನ್ನು ರಬ್ಬರಿನ ಪೊರೆಯಲ್ಲಿ ಸುತ್ತಿ, ನೀರು ಹೊರಡದಂತೆ ಮುಚ್ಚಿ, ಮೇಲೆ ಸಣ್ಣ ತೂಕಗಳನ್ನು ಒಂದಾದ ಮೇಲೊಂದರಂತೆ ಏರಿಸಿದನು. ಮೊದಮೊದಲು ಉರುಳೆಯು ಕದಲಿತೆನ್ನುವಷ್ಟೂ ಕದಲಲಿಲ್ಲ. ಒಳಗಿನ ನೀರಿನ ಒತ್ತಡ ಮಾತ್ರ ಏರುತ್ತಿತ್ತು. ಕೊನೆಯ ಸಣ್ಣ ತೂಕವೊಂದನ್ನಿಟ್ಟಾಗ ಕಣ್ಣು ಮಿಟುಕಿಸುವುದರೊಳಗೆ ಉರುಳೆಯು ಚಪ್ಪಟೆಯಾಯಿತು.

ಇದರ ಅರ್ಥವನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಅದೇ ಮರಳಿನ ಮೇಲೆ ಅದೇ ಭಾರವನ್ನು ನೀರಿಗೆ ಹೊರಡಲು ಹೊತ್ತುಗೊಟ್ಟು ಏರಿಸಿದ್ದರೆ ಅದು ತಾಳಿಕೊಳ್ಳುತ್ತಿತ್ತು. ಇನ್ನೂ ಹೆಚ್ಚಿನದನ್ನೂ ತಾಳುತ್ತಿತ್ತು. ನೀರು ಹೊರಡದಿದ್ದರೆ, ಕಣಗಳ ತಿಕ್ಕಾಟದ ಬಲವು ಪೂರ್ಣವಾಗಿ ವಿನಿಯೋಗವಾಗುವ ಮೊದಲೇ, ಅರ್ಧದಾರಿಯಲ್ಲಿಯೇ, ಮರಳು ಸೋಲುವುದು. ಸೋತ ಮೇಲೆ ಉಳಿಯುವ ಬಲ ಅತ್ಯಲ್ಪ. ಆದುದರಿಂದ ತಿಕ್ಕಾಟದ ಲೆಕ್ಕವೊಂದನ್ನೇ ನಂಬಿ ಭದ್ರವೆಂದು ಬರೆದಿಟ್ಟ ಇಳಿಜಾರು ಯಾವುದೋ ಸಣ್ಣ ನೆಪಕ್ಕೆ ಹರಿದುಹೋಗಬಹುದು. ಕೆನಡದ ಉತ್ತರದ ಬೋಫೋರ್ಟ್ ಸಮುದ್ರದಲ್ಲಿ, ಎಣ್ಣೆಯ ಬಾವಿಗೆ ಪೀಠವಾಗಿ ನೆರ್ಲೆರ್ಕ್ ಎಂಬಲ್ಲಿ ನೀರಿನಡಿಯಲ್ಲಿ ಸುರಿಯುತ್ತಿದ್ದ ಮರಳಿನ ದಿಬ್ಬವು ೧೯೮೨–೮೩ರಲ್ಲಿ ಮತ್ತೆಮತ್ತೆ ಹರಿದಾಗ, ವಿದ್ವಾಂಸರು ಈ ಅರ್ಧದಾರಿಯ ಸೋಲಿಗೆ ಒಂದು ಗೆರೆಯನ್ನೆಳೆದು ಕೊಟ್ಟರು. ಆ ಗೆರೆಯನ್ನು ಮುಟ್ಟಿದ ಸಡಿಲಮರಳಿಗೆ ಹೊರಗಿನ ಶತ್ರು ಬೇಕಿಲ್ಲ.

ಅಣೆಕಟ್ಟಿನವರು ಬಿಟ್ಟ ಪದ್ಧತಿಯು ಗಣಿಗಳವರ ಬಳಿ ಉಳಿದುಕೊಂಡಿತು. ಅದಿರನ್ನು ಅರೆದು ಲೋಹವನ್ನು ತೆಗೆದ ಮೇಲೆ ಮಿಕ್ಕ ಪುಡಿಯು ಎಷ್ಟೆಂಬುದನ್ನು ಕೋಲಾರದ ಚಿನ್ನದ ಗಣಿಗಳ ಸುತ್ತಲಿನ ದಿಬ್ಬಗಳನ್ನು ನೋಡಿದ ವಾಚಕರು ಬಲ್ಲರು. ಬಹು ದೇಶಗಳಲ್ಲಿ ಈ ಪುಡಿಯನ್ನು ನೀರಿನಲ್ಲಿ ಕದಡಿ ಕಣಿವೆಯೊಂದಕ್ಕೆ ಹರಿಸಿ, ಕುಳಿತ ಪುಡಿಯ ಮೇಲೆಯೇ ಒಂದೊಂದು ಏರಿಯನ್ನು ಹಿಂದಕ್ಕೆ ಸರಿಸಿ ಕಟ್ಟುತ್ತ ಎತ್ತರಿಸುವರು. ಇದಕ್ಕಿಂತ ಅಗ್ಗವಾದುದು ಬೇರೆಯಿಲ್ಲ. ಬ್ರೆಜಿಲ್ ದೇಶದ ಬ್ರುಮಾಜಿನ್ಯೊ ಎಂಬಲ್ಲಿ ಕಬ್ಬಿಣದ ಗಣಿಯ ಇಂಥ ಕಟ್ಟೆಯು ೧೯೭೬ರಿಂದ ಏರುತ್ತ ೮೬ ಮೀಟರು ಎತ್ತರವಾಗಿತ್ತು. ೨೦೧೬ರಿಂದ ಅದಕ್ಕೆ ಪುಡಿ ಸುರಿಯುವುದನ್ನೂ ನಿಲ್ಲಿಸಿದ್ದರು. ಕಟ್ಟೆಯು ಭದ್ರವೆಂಬ ಪ್ರಮಾಣಪತ್ರವೂ ಇತ್ತು. ಅದರ ಕೆಳಗಡೆ ಗಣಿಯ ಕಚೇರಿಯೂ ಕೆಲಸಗಾರರ ಊಟದ ಮನೆಯೂ ಇದ್ದುವು.

೨೦೧೯ರ ಜನವರಿ ೨೫ರ ಮಧ್ಯಾಹ್ನ ೧೨ ಗಂಟೆ ೨೮ ನಿಮಿಷಕ್ಕೆ, ಊಟದ ಹೊತ್ತಿನಲ್ಲಿ, ಹುಲ್ಲು ಬೆಳೆದ ಆ ಕಟ್ಟೆಯ ಮುಂಭಾಗವು ಹತ್ತು ಸೆಕೆಂಡುಗಳೊಳಗಾಗಿ ಕುಸಿಯಿತು. ಐದು ನಿಮಿಷಗಳೊಳಗೆ ೯೭ ಲಕ್ಷ ಘನ ಮೀಟರು ಕೆಸರು ಹೊರಕ್ಕೆ ಹರಿಯಿತು. ೨೭೦ ಮಂದಿ ಸತ್ತರು. ಭೂಕಂಪವಾಗಿರಲಿಲ್ಲ, ಗಣಿಯ ಸಿಡಿಮದ್ದೂ ಕಾರಣವಲ್ಲವೆಂದು ತನಿಖೆ ಮಾಡಿದ ತಜ್ಞರು ಅದೇ ವರ್ಷದ ಡಿಸೆಂಬರಿನಲ್ಲಿ ಹೇಳಿದರು. ಸಡಿಲವೂ ನೀರುಂಡದ್ದೂ ಆದ ಪುಡಿಯು ತನ್ನ ಭಾರದಡಿಯಲ್ಲಿಯೇ ವರ್ಷವರ್ಷಕ್ಕೂ ಕಾಣದಷ್ಟು ಸರಿಯುತ್ತ ಬಂದುದು, ಮಳೆಯ ನೀರು ಇಳಿದು ಮೇಲ್ಪದರದ ಬಿಗಿಯೂ ಸಡಲಿದುದು, ಇವೆರಡೇ ಸಾಕಾದುವು. ಕಟ್ಟೆಯ ಮೇಲೆ ನೆಟ್ಟಿದ್ದ ಅಳತೆಯ ಉಪಕರಣಗಳು ಅಪಾಯದ ಸೂಚನೆ ಎನ್ನುವಂಥ ಯಾವುದನ್ನೂ ಮೊದಲು ತೋರಿಸಿರಲಿಲ್ಲ. ಎದುರಿಗಿದ್ದ ಕ್ಯಾಮೆರದ ಚಿತ್ರದಲ್ಲಿಯೂ ಕುಸಿಯುವ ಕ್ಷಣದವರೆಗೆ ಕಟ್ಟೆಯು ನಿಶ್ಚಲವಾಗಿಯೇ ನಿಂತಿದೆ. ಆ ಬಗೆಯ ಕಟ್ಟೆಗಳನ್ನು ಇನ್ನು ಮೇಲೆ ಕಟ್ಟಕೂಡದೆಂದು ಬ್ರೆಜಿಲ್ ಸರ್ಕಾರವು ೨೦೧೯ರ ಫೆಬ್ರುವರಿಯಲ್ಲಿ ಆಜ್ಞೆ ಮಾಡಿತು. ಕೆಸರಿನಲ್ಲಿ ಹೂತವರನ್ನು ಹುಡುಕುವ ಕೆಲಸವು ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು.